ಎರಡೆಕರೆಯ ಮನೆಯ ಮಕ್ಕಳಿಗೆ

ಊರಲ್ಲೇ ಉಳಿದು ಅಪ್ಪನ ಎರಡೆಕರೆ, ಮೂರೆಕರೆ ಹೊಲ ಮಾಡುತ್ತೇವೆ ಎಂದು ಗಟ್ಟಿ ಮನಸ್ಸು ಮಾಡಿದ ಹುಡುಗ ಹುಡುಗಿಯರು ಈಗ ಅಪರೂಪ. ಅಂಥವರು ಎದುರು ಸಿಕ್ಕರೆ ನನಗೆ ಮೊದಲು ಖುಷಿಯಾಗುತ್ತದೆ, ಹಿಂದೆಯೇ ಆತಂಕವೂ ಆಗುತ್ತದೆ. ಆತಂಕವನ್ನು ಹೊಟ್ಟೆಯಲ್ಲಿಟ್ಟುಕೊಂಡು ಬರೀ ಶಾಬಾಸ್ ಹೇಳಿ ಕಳಿಸಿದರೆ ಹಿರಿಯನಾಗಿ ನಾನು ನಿಮಗೆ ಏನನ್ನೂ ಕೊಟ್ಟಂತಾಗುವುದಿಲ್ಲ. ನಾನು ಹಾವೇರಿ ಸೀಮೆಯವನು. ಹೊಲದ ಕೆಲಸದ ಜೊತೆಗೇ ಊರಿನ ವ್ಯವಸಾಯ ಸೇವಾ ಸಹಕಾರ ಸಂಘದಲ್ಲಿ, ನೀವೆಲ್ಲ ಸೊಸೈಟಿ ಎನ್ನುತ್ತೀರಲ್ಲ ಅಲ್ಲಿ, ಕಾರ್ಯದರ್ಶಿಯಾಗಿ ನೌಕರಿ ಮುಗಿಸಿದವನು. ಬಿತ್ತುವ ಮುಂಚೆ ಸಾಲ ಕೇಳಲು ಬರುವ ಮುಖವನ್ನೂ, ಸುಗ್ಗಿಯಾದ ಮೇಲೆ ಸಾಲ ಕಟ್ಟಲು ಬರುವ ಅದೇ ಮುಖವನ್ನೂ ಕೌಂಟರಿನ ಒಳಗಡೆ ಕೂತು ನೋಡುತ್ತಾ ಬಂದಿದ್ದೇನೆ.

ಸಣ್ಣ ರೈತನ ಕಷ್ಟ ಯಾವುದು ಎಂದು ಕೇಳಿದರೆ ಮಳೆ ಕೈಕೊಡುವುದು, ಬೆಲೆ ಬೀಳುವುದು, ಗೊಬ್ಬರ ತುಟ್ಟಿಯಾಗುವುದು ಎಂದು ಎಲ್ಲರೂ ಹೇಳುತ್ತಾರೆ. ಮೂರೂ ನಿಜ. ಆದರೆ ಅದೇ ಮಳೆ, ಅದೇ ಬೆಲೆ, ಅದೇ ಗೊಬ್ಬರದ ನಡುವೆ ಇಪ್ಪತ್ತೆಕರೆಯವನು ತಡೆದುಕೊಳ್ಳುತ್ತಾನೆ, ಎರಡೆಕರೆಯವನು ಮುಗ್ಗರಿಸುತ್ತಾನೆ. ದೊಡ್ಡವನಿಗೆ ಕಾಯುವ ತ್ರಾಣ ಇದೆ, ಸಣ್ಣವನಿಗೆ ಇಲ್ಲ. ಮಾಲು ಮಾರಲು ಅವನು ಕಾಯಲಾರ, ಸಾಲದ ಗಡುವು ಅವನಿಗಾಗಿ ಕಾಯುವುದಿಲ್ಲ, ಆಸ್ಪತ್ರೆಯ ಬಿಲ್ಲಂತೂ ಕಾಯುವುದೇ ಇಲ್ಲ. ನಾನು ಮುಂದೆ ಹೇಳುವುದೆಲ್ಲ ಈ ಕಾಯುವ ತ್ರಾಣವನ್ನು ಚೂರುಚೂರಾಗಿಯಾದರೂ ಹೇಗೆ ಕೂಡಿಸಿಕೊಳ್ಳಬೇಕು ಎಂಬ ಬಗ್ಗೆ.

ಈ ಸ್ಥಿತಿಯಲ್ಲಿ ನೀವು ಒಬ್ಬರೇ ಇದ್ದೀರಿ ಎಂದು ತಿಳಿಯಬೇಡಿ. 2015-16ರ ಕೃಷಿ ಗಣತಿಯಲ್ಲಿ ಕರ್ನಾಟಕದ ಹಿಡುವಳಿಗಳು ಸುಮಾರು 86.8 ಲಕ್ಷ. ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಮೂರೆಕರೆ ಚಿಲ್ಲರೆ. ದೇಶದ ಸರಾಸರಿ 1970-71ರಲ್ಲಿ 2.28 ಹೆಕ್ಟೇರ್ ಇದ್ದದ್ದು 1.08ಕ್ಕೆ ಇಳಿದಿದೆ. ಅಜ್ಜನ ಹೊಲ ಅಪ್ಪಂದಿರ ಕಾಲಕ್ಕೆ ಹಿಸ್ಸೆಯಾಯಿತು, ಅಪ್ಪನದು ನಿಮ್ಮ ಕಾಲಕ್ಕೆ ಮತ್ತೆ ಹಿಸ್ಸೆಯಾಯಿತು. 2019ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಇನ್ನೊಂದು ಲೆಕ್ಕ ಕೇಳಿ. ದೇಶದಲ್ಲಿ ಒಂದು ಕೃಷಿ ಕುಟುಂಬದ ತಿಂಗಳ ಆದಾಯ ಸರಾಸರಿ 10,218 ರೂಪಾಯಿ. ಅದರಲ್ಲಿ ಕೂಲಿ ಮತ್ತು ಸಂಬಳದಿಂದ ಬಂದದ್ದು 4,063, ಬೆಳೆಯಿಂದ ಬಂದದ್ದು 3,798, ದನಕರುಗಳಿಂದ 1,582. ರೈತ ಎಂದು ಕರೆಸಿಕೊಳ್ಳುವವನ ಮನೆಯಲ್ಲಿ ಬೆಳೆಗಿಂತ ಕೂಲಿಯ ದುಡ್ಡೇ ಹೆಚ್ಚು. ನಿಮ್ಮ ತಮ್ಮ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ದುಡಿದು ತಿಂಗಳಿಗಿಷ್ಟು ಕಳಿಸುತ್ತಿದ್ದರೆ, ನಿಮ್ಮ ಹೆಂಡತಿ ಗಾರ್ಮೆಂಟ್ಸಿಗೆ ಹೋಗುತ್ತಿದ್ದರೆ ಅದರಲ್ಲಿ ತಲೆ ತಗ್ಗಿಸುವಂಥದ್ದು ಏನೂ ಇಲ್ಲ. ಹೊಲವನ್ನು ಉಳಿಸುತ್ತಿರುವುದು ಎಷ್ಟೋ ಮನೆಗಳಲ್ಲಿ ಆ ದುಡ್ಡೇ.

ನಮ್ಮ ಸೀಮೆಯ ಒಂದು ವರ್ಷವನ್ನೇ ತೆಗೆದುಕೊಳ್ಳಿ. ಹಿಂದೆ ಇಲ್ಲಿ ಜೋಳ, ಹತ್ತಿ, ಶೇಂಗಾ, ಮೆಣಸಿನಕಾಯಿ ಇದ್ದವು. ಈಗ ಹಾವೇರಿಯಿಂದ ದಾವಣಗೆರೆಯವರೆಗೆ ಬಸ್ಸಿನ ಕಿಟಕಿಯಲ್ಲಿ ಕಾಣುವುದು ಗೋವಿನಜೋಳ. ಬೀಜದ ಪಾಕೀಟು ಅಂಗಡಿಯಿಂದ ಬರುತ್ತದೆ, ಬೆಳೆ ನಾಲ್ಕು ತಿಂಗಳಲ್ಲಿ ಕೈಗೆ ಬರುತ್ತದೆ, ಮೆಣಸಿನಕಾಯಿಯಷ್ಟು ಆಳು ಬೇಡ. ಜನ ಅದಕ್ಕೆ ತಿರುಗಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ದುಡ್ಡಿನ ಓಟವನ್ನು ಗಮನಿಸಿ. ಮೇ ತಿಂಗಳಿಂದ ಆಗಸ್ಟಿನವರೆಗೆ ಕೈಯಿಂದ ಬರೀ ಹೋಗುತ್ತಲೇ ಇರುತ್ತದೆ: ಟ್ರ್ಯಾಕ್ಟರ್ ಬಾಡಿಗೆ, ಬೀಜ, 1,350 ರೂಪಾಯಿಯ ಡಿಎಪಿ ಚೀಲ, ಕಳೆನಾಶಕ, ಎಡೆ ಹೊಡೆಯುವುದು, ಮೇಲುಗೊಬ್ಬರಕ್ಕೆ ಯೂರಿಯಾ. ಯೂರಿಯಾ ಚೀಲದ ದರ 266 ರೂಪಾಯಿ 50 ಪೈಸೆ ಎಂದು ಚೀಲದ ಮೇಲೆಯೇ ಅಚ್ಚಾಗಿರುತ್ತದೆ. ಬೆಳೆಗೆ ಬೇಕಾದ ವಾರದಲ್ಲಿ ಆ ದರಕ್ಕೆ ಸಿಗುವುದೇ ಕಷ್ಟ, ಜೊತೆಗೆ ಬೇಡದ ಇನ್ನೊಂದು ಬಾಟಲಿಯನ್ನೂ ಕೊಳ್ಳಬೇಕೆಂಬ ಒತ್ತಾಯ. ಇಷ್ಟೂ ತಿಂಗಳು ಹೊಲದಿಂದ ಒಂದು ರೂಪಾಯಿ ಬರುವುದಿಲ್ಲ. ನಡುವೆ ಮಕ್ಕಳ ಶಾಲೆಯ ಫೀಸು, ನಾಗರಪಂಚಮಿ, ಗಣೇಶನ ಹಬ್ಬ. ಹೀಗೆ ಅಕ್ಟೋಬರ್ ಕೊನೆಗೆ ತೆನೆ ಮುರಿಯುವ ಹೊತ್ತಿಗೆ ಆ ಬೆಳೆಯ ಮೇಲೆ ನಾಲ್ಕು ಜನರ ಕಣ್ಣು ಬಿದ್ದಿರುತ್ತದೆ.

ಎಲ್ಲರ ರಾಶಿಯೂ ಒಂದೇ ವಾರ. ಹಿಂಗಾರಿನ ಮಳೆ ಬಂದು ಕಾಳಿನಲ್ಲಿ ಹಸಿ ಉಳಿದಿದ್ದರೆ ಎಪಿಎಂಸಿ ಅಂಗಳದಲ್ಲಿ ವ್ಯಾಪಾರಿ ಒಂದು ಹಿಡಿ ತೆಗೆದು ಹಲ್ಲಿಗೆ ಕಚ್ಚಿ ನೋಡಿ ಚೆಲ್ಲಿಬಿಡುತ್ತಾನೆ. ಅಷ್ಟಕ್ಕೇ ಕ್ವಿಂಟಲಿಗೆ ಇನ್ನೂರೋ ಮುನ್ನೂರೋ ಕಡಿಮೆಯಾಗುತ್ತದೆ. 2025ರ ನವೆಂಬರಿನಲ್ಲಿ ಗೋವಿನಜೋಳದ ಬೆಂಬಲ ಬೆಲೆ 2,400 ರೂಪಾಯಿ ಇತ್ತು, ಮಾರುಕಟ್ಟೆಯಲ್ಲಿ ಸಿಕ್ಕದ್ದು 1,600ರಿಂದ 1,800. ಹಾವೇರಿ, ಗದಗ ಜಿಲ್ಲೆಗಳ ರೈತರು ಬೀದಿಗಿಳಿದರು. ಎರಡೆಕರೆಯಲ್ಲಿ ಮೂವತ್ತು ಕ್ವಿಂಟಲ್ ಬಂದಿತು ಎಂದಿಟ್ಟುಕೊಳ್ಳಿ. ಕ್ವಿಂಟಲಿಗೆ ಆರುನೂರು ಕಡಿಮೆಯಾದರೆ ಹದಿನೆಂಟು ಸಾವಿರ ಹೋಯಿತು. ಎಷ್ಟೋ ಮನೆಗಳಲ್ಲಿ ವರ್ಷದ ಲಾಭವೆಂದು ಉಳಿಯಬೇಕಾಗಿದ್ದ ದುಡ್ಡು ಅಷ್ಟೇ. ಬೆಂಬಲ ಬೆಲೆ ಎಂಬುದು ಘೋಷಣೆಯಾದ ಕೂಡಲೇ ಸಿಗುವ ಬೆಲೆ ಎಂದು ನಿಮ್ಮಲ್ಲಿ ಬಹಳ ಮಂದಿ ನಂಬಿದ್ದೀರಿ. ಸರ್ಕಾರ ಖರೀದಿ ಕೇಂದ್ರ ತೆರೆದು ಕೊಂಡರೆ ಮಾತ್ರ ಅದು ಬೆಲೆ. ರಾಗಿ, ಬಿಳಿಜೋಳವನ್ನು ಪಡಿತರಕ್ಕೆಂದು ಕೊಳ್ಳುತ್ತಾರೆ. ಪಡಿತರಕ್ಕೆ ಬಾರದ ಗೋವಿನಜೋಳಕ್ಕೆ ಆ ಆಸರೆ ಇಲ್ಲ. ಬಿತ್ತುವ ಮುಂಚೆಯೇ ಕೇಳಬೇಕಾದ ಪ್ರಶ್ನೆ ಇದು: ಈ ಬೆಳೆಯನ್ನು ಸುಗ್ಗಿಯಲ್ಲಿ ಕೊಳ್ಳುವವರು ಯಾರು, ಕಳೆದ ಮೂರು ವರ್ಷ ನಮ್ಮ ತಾಲ್ಲೂಕಿನಲ್ಲಿ ಖರೀದಿ ಕೇಂದ್ರ ತೆರೆದಿದ್ದರೇ?

ಬೆಲೆ ಬಿದ್ದಾಗ ಮಾರಬೇಡಿ ಎಂದು ಉಪದೇಶ ಮಾಡುವವರು ಬಹಳ. ಆದರೆ ಅಡತಿ ಅಂಗಡಿಯಲ್ಲಿ ಬೀಜ ಗೊಬ್ಬರ ಉದ್ರಿ ತಂದವನು ಮಾಲನ್ನು ಅದೇ ಅಂಗಡಿಗೆ ಹಾಕಲೇಬೇಕು, ಅವರು ಹೇಳಿದ ದಿನವೇ ಹಾಕಬೇಕು. ಉದ್ರಿಯ ಬಡ್ಡಿ ಬಿಲ್ಲಿನಲ್ಲಿ ಕಾಣುವುದಿಲ್ಲ. ಬೀಜದ ದರದಲ್ಲಿ, ತೂಕದ ಸೂಟಿನಲ್ಲಿ, ಹರಾಜಿನ ಬೆಲೆಯಲ್ಲಿ ಹಂಚಿಹೋಗಿರುತ್ತದೆ. ರೈತನಿಂದ ದಲಾಲಿ ಹಿಡಿಯುವಂತಿಲ್ಲ ಎಂದು ಕಾನೂನು ಇದ್ದರೂ ಬಿಳಿ ಚೀಟಿಯಲ್ಲಿ ಅದು ಕಳೆದೇ ಇರುತ್ತದೆ. ಅಧಿಕೃತ ಬಿಲ್ಲು ಕೇಳಿ. ಉದ್ರಿ ಇರುವವನಿಗೆ ಕೇಳುವ ಬಾಯಿ ಬರುವುದಿಲ್ಲ ಎಂಬುದೂ ನನಗೆ ಗೊತ್ತು. ಅದಕ್ಕಾಗಿಯೇ ಸಾಲದ ಕಡೆಯಿಂದ ಶುರು ಮಾಡಬೇಕು.

ಸೊಸೈಟಿಯಲ್ಲಿ ನಾನು ಪ್ರತಿ ಮಾರ್ಚಿನಲ್ಲೂ ನೋಡಿದ್ದನ್ನು ಹೇಳುತ್ತೇನೆ. ಬೆಳೆಸಾಲಕ್ಕೆ ನಮ್ಮ ರಾಜ್ಯದಲ್ಲಿ ಬಡ್ಡಿ ಇಲ್ಲ, ಗಡುವಿನೊಳಗೆ ಕಟ್ಟಿದರೆ ಮಾತ್ರ. ಅರವತ್ತು ಸಾವಿರ ಸಾಲ ಇರುವ ರೈತ ಮುಂಜಾನೆ ಬಂದು ಬಾಗಿಲ ಬಳಿ ನಿಲ್ಲುತ್ತಾನೆ. ಅವನ ಹಿಂದೆ ಬೈಕಿನಲ್ಲಿ ಇನ್ನೊಬ್ಬ ಬಂದಿರುತ್ತಾನೆ. ಬೈಕಿನವನು ಒಳಗೆ ಬರುವುದಿಲ್ಲ, ಹೊರಗೆ ಬೇವಿನ ಗಿಡದ ಕೆಳಗೆ ಕೂತಿರುತ್ತಾನೆ. ರೈತ ಅಂಗಿಯ ಒಳಜೇಬಿನಿಂದ ಐನೂರರ ಕಂತೆ ತೆಗೆದು ಎಣಿಸಿ ಕೊಡುತ್ತಾನೆ, ರಸೀದಿ ಹರಿಯುತ್ತೇವೆ. ನಾಲ್ಕೈದು ದಿನ ಬಿಟ್ಟು ಅದೇ ಅರವತ್ತು ಸಾವಿರ ಹೊಸ ಸಾಲವಾಗಿ ಮಂಜೂರಾಗುತ್ತದೆ. ಆ ದಿನವೂ ಬೈಕು ಅಲ್ಲೇ ನಿಂತಿರುತ್ತದೆ. ನೂರಕ್ಕೆ ಮೂರರಂತೆ ಸಾವಿರದೆಂಟುನೂರು ರೂಪಾಯಿ ಬಡ್ಡಿ ಸೇರಿಸಿ ದುಡ್ಡು ಬೈಕಿನವನ ಕೈಗೆ ಹೋಗುತ್ತದೆ. ಪುಸ್ತಕದಲ್ಲಿ ನಮ್ಮ ಸಂಘದ ವಸೂಲಾತಿ ಚೆನ್ನಾಗಿ ಕಾಣುತ್ತದೆ, ರೈತನ ಖಾತೆಯೂ ಚೊಕ್ಕಟವಾಗಿ ಕಾಣುತ್ತದೆ. ಬರುವ ಜೂನಿನ ಬೀಜಕ್ಕೆ ಮಾತ್ರ ಅವನ ಕೈಯಲ್ಲಿ ಏನೂ ಇರುವುದಿಲ್ಲ, ಮತ್ತೆ ಉದ್ರಿ ಅಂಗಡಿಯ ಮೆಟ್ಟಿಲೇ ಗತಿ.

ಶೂನ್ಯ ಬಡ್ಡಿಯ ಮಿತಿಯನ್ನು ಸರ್ಕಾರ 2023ರಲ್ಲಿ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿತು. ಒಳ್ಳೆಯದೇ. ಆದರೆ ಸಾಲದ ಮೊತ್ತ ನಿರ್ಧಾರವಾಗುವುದು ಎಕರೆ ಮತ್ತು ಬೆಳೆಯ ಮೇಲೆ, ಹೀಗಾಗಿ ಎರಡೆಕರೆಯವನು ಆ ಮೇಲಿನ ಮಿತಿಯ ಹತ್ತಿರವೂ ಹೋಗುವುದಿಲ್ಲ. ಅವನಿಗೆ ಬೇಕಾಗಿರುವುದು ಸುಗ್ಗಿಯ ದಿನವೇ ಸಾಲದ ಪಾಲನ್ನು ಎತ್ತಿಡುವ ಅಭ್ಯಾಸ. ರಾಶಿ ಮಾರಿದ ದುಡ್ಡು ಖಾತೆಗೆ ಬಂದ ವಾರವೇ ಅದರ ಒಂದು ಭಾಗವನ್ನು ಬೇರೆ ಉಳಿತಾಯ ಖಾತೆಗೆ ಹಾಕಿ ಅದನ್ನು ಸತ್ತರೂ ಮುಟ್ಟಬೇಡಿ. ಮೊದಲ ವರ್ಷ ಪೂರ್ತಿ ಆಗಲಿಕ್ಕಿಲ್ಲ, ಅರ್ಧವಾದರೂ ಬೈಕಿನವನ ಕೈಯಿಂದ ತಪ್ಪುತ್ತದೆ. ಬರ ಎಂದು ಘೋಷಣೆಯಾದ ತಾಲ್ಲೂಕಿನಲ್ಲಿ ಬೆಳೆಸಾಲವನ್ನು ಮಧ್ಯಮಾವಧಿಗೆ ಬದಲಿಸಿಕೊಳ್ಳಲು ಅವಕಾಶವಿದೆ, ಆದರೆ ಗಡುವು ದಾಟುವ ಮುಂಚೆ ನೀವೇ ಬಂದು ಕೇಳಬೇಕು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದಾಗಲೂ ಎಷ್ಟೋ ರೈತರಿಗೆ ಈ ಅವಕಾಶ ಇರುವುದೇ ತಿಳಿದಿರಲಿಲ್ಲ.

ಒಂದು ನೂರು ಪುಟದ ನೋಟ್‌ಬುಕ್ ಇಟ್ಟುಕೊಳ್ಳಿ. ಖರ್ಚು ಬರೆಯಿರಿ ಎಂದು ಎಲ್ಲರೂ ಹೇಳುತ್ತಾರೆ, ನಾನು ಅದಕ್ಕಿಂತ ಮೊದಲು ಸಾಲ ಬರೆಯಿರಿ ಎನ್ನುತ್ತೇನೆ. ಯಾರಿಂದ, ಎಷ್ಟು, ಯಾವ ತಾರೀಖು, ವರ್ಷಕ್ಕೆ ಎಷ್ಟು ಬಡ್ಡಿ. ವರ್ಷಕ್ಕೆ ಎಂಬುದನ್ನು ಮರೆಯಬೇಡಿ. ನೂರಕ್ಕೆ ಮೂರು ಎಂದಾಗ ಬಹಳ ಚಿಕ್ಕದಾಗಿ ಕೇಳಿಸುತ್ತದೆ, ಅದು ತಿಂಗಳಿನದು, ವರ್ಷಕ್ಕೆ ಮೂವತ್ತಾರು. ನೂರಕ್ಕೆ ಐದಾದರೆ ಅರವತ್ತು. ಮೈಕ್ರೋ ಫೈನಾನ್ಸಿನವರು ವಾರದ ಕಂತು ಮಾತ್ರ ಹೇಳುತ್ತಾರೆ, ಲೆಕ್ಕ ಹಾಕಿದರೆ ಶೇಕಡಾ ಇಪ್ಪತ್ತು ದಾಟಿರುತ್ತದೆ. ಕಿಸಾನ್ ಕ್ರೆಡಿಟ್ ಕಾರ್ಡಿನ ಸಾಲ ಶೇಕಡಾ 7, ಗಡುವಿಗೆ ಕಟ್ಟಿದರೆ 3 ರಿಯಾಯಿತಿ ಹೋಗಿ 4. ಇವೆಲ್ಲ ಒಂದೇ ಹಾಳೆಯ ಮೇಲೆ ಸಾಲಾಗಿ ಬಂದಾಗ ಯಾವುದನ್ನು ಮೊದಲು ತೀರಿಸಬೇಕು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಬಹಳ ಜನ ಇದಕ್ಕೆ ತಿರುವುಮುರುವಾಗಿ ಮಾಡುತ್ತಾರೆ. ಮನೆ ಬಾಗಿಲಿಗೆ ಬಂದು ಕೂಗಾಡುವವನಿಗೆ ಮೊದಲು ಬಡ್ಡಿ ಮಾತ್ರ ಕಟ್ಟುತ್ತಾರೆ, ಅಸಲು ಹಾಗೇ ಉಳಿಯುತ್ತದೆ.

ಮಾಲು ಹಿಡಿದಿಡುವ ವಿಷಯದಲ್ಲಿ ನಿಮ್ಮ ತಲೆಮಾರಿಗೆ ನಮಗಿಲ್ಲದ ಒಂದು ದಾರಿ ಇದೆ. ಸರ್ಕಾರದ ಮಾನ್ಯತೆ ಇರುವ ಗೋದಾಮಿನಲ್ಲಿ ಕಾಳು ಇಟ್ಟು, ಅವರು ಕೊಡುವ ರಸೀದಿಯ ಮೇಲೆ ಬ್ಯಾಂಕಿನಿಂದ ಅಡಮಾನ ಸಾಲ ತೆಗೆಯಬಹುದು. ಕಿಸಾನ್ ಕಾರ್ಡ್ ಇರುವ ಸಣ್ಣ ರೈತನಿಗೆ ಸುಗ್ಗಿಯಾದ ಆರು ತಿಂಗಳವರೆಗೆ ಅದು ಬೆಳೆಸಾಲದ ರಿಯಾಯಿತಿ ಬಡ್ಡಿಯಲ್ಲೇ ಸಿಗಬೇಕು ಎಂಬ ನಿಯಮವಿದೆ. ಎಪಿಎಂಸಿಗಳಲ್ಲೂ ಅಡಮಾನ ಸಾಲದ ಯೋಜನೆ ಇದೆ. ಇದರಲ್ಲಿ ತೊಡಕು ಎರಡು. ಗೋದಾಮು ದೂರ ಇರುತ್ತದೆ, ಹತ್ತು ಚೀಲ ಹೊತ್ತು ಹೋಗುವ ಬಾಡಿಗೆಯಲ್ಲೇ ಲಾಭ ಹೋಗುತ್ತದೆ. ಇನ್ನೊಂದು ತೇವ. ಶೇಕಡಾ 14ಕ್ಕಿಂತ ಹೆಚ್ಚು ತೇವ ಇದ್ದರೆ ಗೋವಿನಜೋಳ ಮುಗ್ಗಲು ಹಿಡಿಯುತ್ತದೆ. ಹಾಗಾಗಿ ನಾಲ್ಕೈದು ಮನೆಯವರು ಸೇರಿ ಒಂದು ಲಾರಿ ಮಾಡಿ, ಒಂದು ತಾಡಪಾಲು ಕೊಂಡು, ಕಣದಲ್ಲಿ ಸರಿಯಾಗಿ ಒಣಗಿಸಿ ಹೋಗಿ. ಎಲ್ಲವನ್ನೂ ಹಿಡಿದಿಡಬೇಡಿ. ಬೆಲೆ ಏರಿಯೇ ತೀರುತ್ತದೆ ಎಂದು ಯಾವ ದೇವರೂ ಬರೆದುಕೊಟ್ಟಿಲ್ಲ, ಮಂಗ ಕೈಯಲ್ಲಿ ಹಿಡಿದ ಕಡಲೆಯನ್ನು ಬಿಡದೆ ಸಿಕ್ಕಿಬಿದ್ದ ಹಾಗೆ ಕೊನೆಯವರೆಗೆ ಕಾದು ಕೆಟ್ಟವರೂ ನಮ್ಮೂರಲ್ಲಿದ್ದಾರೆ. ಸಾಲಕ್ಕೆ ಬೇಕಾದಷ್ಟನ್ನು ಮಾರಿ, ಉಳಿದದ್ದನ್ನು ಎರಡು ಪಾಲು ಮಾಡಿ ಬೇರೆ ಬೇರೆ ತಿಂಗಳಲ್ಲಿ ಮಾರಿ.

ಕಾಯುವ ತ್ರಾಣ ಕೊಡುವ ಇನ್ನೊಂದು ಸಂಗತಿ ಹಾಲು. ಒಂದು ಎಮ್ಮೆಯೋ ಹಸುವೋ ಇದ್ದ ಮನೆಗೆ ಹಾಲಿನ ಡೇರಿಯಿಂದ ಹದಿನೈದು ದಿನಕ್ಕೊಮ್ಮೆ ಬಟವಾಡೆ ಬರುತ್ತದೆ. ಸರ್ಕಾರದ ಲೀಟರಿಗೆ ಐದು ರೂಪಾಯಿ ಪ್ರೋತ್ಸಾಹಧನ ತಡವಾಗಿಯಾದರೂ ಖಾತೆಗೆ ಬೀಳುತ್ತದೆ. ಮೊತ್ತ ದೊಡ್ಡದಲ್ಲ. ಆದರೆ ಕಿರಾಣಿ ಅಂಗಡಿಯ ಲೆಕ್ಕ ಅದರಲ್ಲಿ ಚುಕ್ತಾ ಆಗುವುದರಿಂದ ಗೋವಿನಜೋಳದ ಚೀಲ ನಾಲ್ಕು ವಾರ ಹೆಚ್ಚು ಮನೆಯಲ್ಲಿ ಉಳಿಯುತ್ತದೆ. ಮೇವಿನ ಖರ್ಚು, ಪಶು ವೈದ್ಯರ ಖರ್ಚನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ, ಮೂರು ನಾಲ್ಕು ಹಸು ಕಟ್ಟಿ ಮೇವು ಕೊಳ್ಳುವ ಸ್ಥಿತಿಗೆ ಹೋದರೆ ಲೆಕ್ಕ ತಲೆಕೆಳಗಾಗುತ್ತದೆ. ಹಾಗೆಯೇ ಅಕ್ಕಡಿ. ನಮ್ಮ ಅವ್ವಂದಿರು ಮುಖ್ಯ ಬೆಳೆಯ ಸಾಲುಗಳ ನಡುವೆ ತೊಗರಿ, ಅಲಸಂದಿ, ಹೆಸರು, ಗುರೆಳ್ಳು ಹಾಕುತ್ತಿದ್ದುದು ಸಂಪ್ರದಾಯಕ್ಕಾಗಿ ಇರಲಿಲ್ಲ. ಆಗಸ್ಟಿನಲ್ಲಿ ಹೆಸರು, ನವೆಂಬರಿನಲ್ಲಿ ಮುಖ್ಯ ಬೆಳೆ, ಸಂಕ್ರಾಂತಿಯ ಹೊತ್ತಿಗೆ ತೊಗರಿ ಹೀಗೆ ಒಂದರ ಹಿಂದೆ ಒಂದು ಕೈಗೆ ಬರುತ್ತಿತ್ತು. ಕಳೆನಾಶಕ ಹೊಡೆಯುವ ಹೊಲದಲ್ಲಿ ಅಕ್ಕಡಿ ಬದುಕುವುದಿಲ್ಲ, ಅದೂ ನಿಜ. ಅರ್ಧ ಎಕರೆಯನ್ನಾದರೂ ಕಳೆನಾಶಕದಿಂದ ಹೊರಗಿಟ್ಟು ಮಾಡಿ ನೋಡಿ, ಮನೆಯ ಬೇಳೆಯಾದರೂ ಅಂಗಡಿಯಿಂದ ಬರುವುದು ತಪ್ಪುತ್ತದೆ.

ಕಾಗದಪತ್ರದ ವಿಷಯ ಬೇಸರದ್ದು, ಆದರೆ ಸಣ್ಣ ರೈತ ದುಡ್ಡು ಕಳೆದುಕೊಳ್ಳುವುದು ಇಲ್ಲೇ ಹೆಚ್ಚು. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದೆಯೇ? ಹಾಗಿದ್ದರೆ ಪಿಎಂ ಕಿಸಾನ್‌ನ ವರ್ಷದ ಆರು ಸಾವಿರ ನಿಮಗೆ ಬರುವುದಿಲ್ಲ, ಬೆಳೆಸಾಲ ಸಿಗುವುದಿಲ್ಲ, ಬರ ಪರಿಹಾರ ಬರುವುದಿಲ್ಲ. ಪೌತಿ ಖಾತೆ ಮಾಡಿಸಿ. ಅಣ್ಣತಮ್ಮಂದಿರ ನಡುವೆ ಮಾತು ಬಿಟ್ಟಿದ್ದರೂ ಹಿರಿಯರನ್ನು ಕೂಡಿಸಿ ಕೂತು ಮುಗಿಸಿ. ಅಕ್ಕತಂಗಿಯರಿಗೂ ಹಕ್ಕಿದೆ ಎಂಬುದನ್ನು ಮರೆಮಾಚಿ ಖಾತೆ ಮಾಡಿಸಬೇಡಿ. ಅದು ನ್ಯಾಯವಲ್ಲ, ಮುಂದೆ ಕೋರ್ಟಿನಲ್ಲಿ ನಿಲ್ಲುವುದೂ ಇಲ್ಲ. ಹೊಲದ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಮಾಡುವ ಹೆಂಡತಿಯ ಹೆಸರು ಪಹಣಿಯಲ್ಲಿ ಇಲ್ಲದಿರುವುದರಿಂದಲೇ ಅವಳಿಗೆ ಸಂಘದ ಸಾಲ ಸಿಗದೆ ಮೈಕ್ರೋ ಫೈನಾನ್ಸಿನ ಗುಂಪಿಗೆ ಹೋಗಬೇಕಾಗುತ್ತದೆ. ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ಗುರುತಿನ ಸಂಖ್ಯೆ ಮಾಡಿಸಿ, ಎಲ್ಲ ಸರ್ವೆ ನಂಬರುಗಳೂ ಅದರಲ್ಲಿ ಸೇರಿವೆಯೇ ನೋಡಿ. ಪರಿಹಾರ ಎಷ್ಟು ಬರುತ್ತದೆ ಎಂಬ ಭ್ರಮೆಯೂ ಬೇಡ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ ಎಂದು ವಿಪತ್ತು ಪರಿಹಾರದ ನಿಯಮ. ಎರಡೆಕರೆಗೆ ಏಳು ಸಾವಿರವೂ ಆಗುವುದಿಲ್ಲ. ಅದೂ 2023ರ ಬರದ ದುಡ್ಡು ರಾಜ್ಯಕ್ಕೆ ಬರಲು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಬೇಕಾಯಿತು.

ಬೆಳೆ ವಿಮೆಯನ್ನು ಬಿಡಬೇಡಿ. ಮುಂಗಾರು ಆಹಾರ ಬೆಳೆಗೆ ರೈತನ ಪಾಲು ವಿಮಾ ಮೊತ್ತದ ಶೇಕಡಾ 2, ಹಿಂಗಾರಿಗೆ ಒಂದೂವರೆ. ನಿಮ್ಮೊಬ್ಬರ ಹೊಲ ಹೋದರೆ ಅದು ಬರುವುದಿಲ್ಲ, ಇಡೀ ಗ್ರಾಮ ಪಂಚಾಯಿತಿಯ ಇಳುವರಿ ಬಿದ್ದರೆ ಮಾತ್ರ ಬರುತ್ತದೆ. ಆದರೆ ಆಲಿಕಲ್ಲು ಬಿದ್ದು, ನೀರು ನಿಂತು ನಿಮ್ಮ ಹೊಲವೇ ಹಾಳಾದರೆ 72 ಗಂಟೆಯೊಳಗೆ ತಿಳಿಸಬೇಕು, ಆಗ ಬಂದು ನೋಡುತ್ತಾರೆ. ವಿಮೆ ಗೋವಿನಜೋಳಕ್ಕೆ ಕಟ್ಟಿ, ಬೆಳೆ ಸಮೀಕ್ಷೆಯಲ್ಲಿ ಹತ್ತಿ ಎಂದು ದಾಖಲಾಗಿ ಅರ್ಜಿ ತಿರಸ್ಕಾರವಾದದ್ದನ್ನು ಬಹಳ ಕಂಡಿದ್ದೇನೆ. ಸಮೀಕ್ಷೆಯ ಆ್ಯಪಿನಲ್ಲಿ ರೈತನೇ ಫೋಟೊ ಹಾಕಲು ಅವಕಾಶವಿದೆ. ನಿಮ್ಮ ಕೈಯಲ್ಲಿ ಫೋನು ಇದ್ದೇ ಇದೆ, ನಿಮ್ಮದನ್ನೂ ಹಾಕಿ, ಓದು ಬಾರದ ಪಕ್ಕದ ಹೊಲದವರದನ್ನೂ ಹಾಕಿಕೊಡಿ.

ಸಾಲಮನ್ನಾ ಬಗ್ಗೆ ಒಂದು ಮಾತು. 2008ರಲ್ಲಿ ಕೇಂದ್ರ ಮಾಡಿತು, 2017ರಲ್ಲಿ ರಾಜ್ಯ ಸಹಕಾರ ಸಂಘಗಳ ಐವತ್ತು ಸಾವಿರದವರೆಗಿನ ಸಾಲ ಬಿಟ್ಟಿತು, 2018ರಲ್ಲಿ ಮತ್ತೊಮ್ಮೆ ಆಯಿತು. ಆ ದುಡ್ಡಿನಿಂದ ಉಸಿರಾಡಿದ ಮನೆಗಳನ್ನು ನಾನೇ ಕಂಡಿದ್ದೇನೆ, ಅದು ದಂಡ ಎಂದು ಪೇಟೆಯಲ್ಲಿ ಕೂತು ಬರೆಯುವವರ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಆದರೆ ಕೈಸಾಲದವರಿಗೆ, ಉದ್ರಿಯವರಿಗೆ, ಲಾವಣಿಗೆ ಹೊಲ ಮಾಡುವವರಿಗೆ ಅದರಲ್ಲಿ ಒಂದು ಪೈಸೆಯೂ ಬರಲಿಲ್ಲ. ಎಲ್ಲರಿಗಿಂತ ಕೆಳಗಿದ್ದವರು ಅವರೇ. ಮುಂದಿನ ಚುನಾವಣೆಗೆ ಮನ್ನಾ ಆಗುತ್ತದೆ ಎಂದು ಗಡುವು ದಾಟಿಸಿ ಕೂರುವವರ ಮಾತು ಕೇಳಬೇಡಿ. ಆಗದಿದ್ದರೆ ಶೂನ್ಯ ಬಡ್ಡಿಯೂ ಹೋಗುತ್ತದೆ, ಹೊಸ ಸಾಲವೂ ಹೋಗುತ್ತದೆ.

ಹೊಲಕ್ಕಲ್ಲದ ಸಾಲಗಳು ಇನ್ನೂ ಹೆಚ್ಚು ಸುಡುತ್ತವೆ. ಸೊಸೈಟಿಯ ಕೌಂಟರಿನಲ್ಲಿ ಬೆಳೆಸಾಲ ಎಂದು ತೆಗೆದ ದುಡ್ಡು ಮದುವೆ ಮಂಟಪಕ್ಕೆ ಹೋಗುವುದು ನಮಗೆಲ್ಲ ಗೊತ್ತಿರುತ್ತಿತ್ತು. ರೈತ ಹುಡುಗನಿಗೆ ಹೆಣ್ಣು ಕೊಡುವುದಿಲ್ಲ ಎಂಬ ನೋವು ನಿಮ್ಮಲ್ಲಿ ಎಷ್ಟಿದೆಯೋ ನನಗೆ ಗೊತ್ತು. ಆ ನೋವನ್ನು ದೊಡ್ಡ ಮದುವೆಯಿಂದಲೋ, ಎರಡೆಕರೆಗೆ ಸ್ವಂತ ಟ್ರ್ಯಾಕ್ಟರ್ ತಂದೋ ಮುಚ್ಚಲು ಹೋಗಬೇಡಿ. ಯಂತ್ರ ಬೇಕಾದರೆ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗುತ್ತದೆ. ಕೊಳವೆಬಾವಿಗೆ ಕೈಸಾಲ ಮಾಡಿ ಕೊರೆಸುವುದಂತೂ ಬೇಡವೇ ಬೇಡ. ಒಂದರಲ್ಲಿ ನೀರು ಬಾರದೆ ಹೋದರೆ ಹೋದ ದುಡ್ಡು ಎತ್ತಲೆಂದು ಎರಡನೆಯದು ಕೊರೆಸುತ್ತೀರಿ, ಅಲ್ಲಿಗೆ ಹೊಲವೇ ಅಡವಿಗೆ ಹೋಗುತ್ತದೆ. ಹೊಲ ಮಾರುವ ಮಾತು ಬಂದರೆ ಆರು ತಿಂಗಳು ತಡೆಯಿರಿ. 2020ರ ಭೂ ಸುಧಾರಣಾ ತಿದ್ದುಪಡಿಯಲ್ಲಿ 79ಎ, 79ಬಿ ಕಲಮುಗಳು ಹೋದ ಮೇಲೆ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು. ಕೊಳ್ಳುವವರು ಈಗ ಮನೆ ಬಾಗಿಲಿಗೇ ಬರುತ್ತಾರೆ. ಒಮ್ಮೆ ಮಾರಿದ ನೆಲವನ್ನು ಬೇಸಾಯದ ದುಡ್ಡಿನಿಂದ ಮರಳಿ ಕೊಂಡ ಒಬ್ಬನನ್ನೂ ನಾನು ಕಂಡಿಲ್ಲ.

ಈಗ ಹೇಳುವುದನ್ನು ದಯವಿಟ್ಟು ಎರಡು ಸಲ ಓದಿ. ಸಾಲವನ್ನು ಮನೆಯವರಿಂದ ಮುಚ್ಚಿಡಬೇಡಿ. ನಾವು ಗಂಡಸರು ಇದರಲ್ಲಿ ಬಹಳ ಮೊಂಡರು. ಹೆಂಡತಿಗೆ ಮೂವತ್ತು ಸಾವಿರ ಎಂದು ಹೇಳಿರುತ್ತಾರೆ, ಇರುವುದು ಮೂರು ಲಕ್ಷ. ಅಪ್ಪನಿಗೆ ಗೊತ್ತಾದರೆ ಎದೆ ಒಡೆದುಕೊಂಡಾನು ಎಂದು ಮಗ, ಮಗನಿಗೆ ಗೊತ್ತಾದರೆ ಓದು ಬಿಟ್ಟಾನು ಎಂದು ಅಪ್ಪ. ಇಬ್ಬರೂ ಒಂದೇ ಅಂಗಡಿಯಲ್ಲಿ ಬೇರೆ ಬೇರೆ ಉದ್ರಿ ಹೇಳಿದ್ದನ್ನು ನಾನು ನೋಡಿದ್ದೇನೆ. ಆ ನೋಟ್‌ಬುಕ್ಕು ಮನೆಯ ಎಲ್ಲರ ಕೈಗೂ ಸಿಗುವಲ್ಲಿ ಇರಲಿ. ಸಾಲ ಕೊಟ್ಟವನು ಬಾಗಿಲಲ್ಲಿ ನಿಂತು ಮಾನ ಕಳೆದರೆ ನಿಮ್ಮ ಮಾನ ಹೋಗುವುದಿಲ್ಲ. ಹಾಗೆ ಬೆದರಿಸಿ ವಸೂಲಿ ಮಾಡುವುದು ಈಗ ಅಪರಾಧ. 2025ರ ಫೆಬ್ರವರಿಯಲ್ಲಿ ಬಂದ ಸುಗ್ರೀವಾಜ್ಞೆ ಆಮೇಲೆ ಕಾನೂನಾಯಿತು, ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಸಜೆ ಇದೆ. ಪೊಲೀಸ್ ಠಾಣೆಗೆ ಒಬ್ಬರೇ ಹೋಗಲು ಅಂಜಿಕೆಯಾದರೆ ನಾಲ್ಕು ಜನ ಕರೆದುಕೊಂಡು ಹೋಗಿ. ರಾತ್ರಿ ನಿದ್ದೆ ಬಾರದೆ, ಬದುಕು ಸಾಕು ಎನ್ನಿಸುವ ಯೋಚನೆ ಬಂದರೆ ಪಕ್ಕದಲ್ಲಿ ಮಲಗಿದವರನ್ನು ಎಬ್ಬಿಸಿ ಹೇಳಿ, ಅಥವಾ 14416ಕ್ಕೆ ಫೋನು ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಮ ಗೆಳೆಯ ಹಬ್ಬದಲ್ಲೂ ಹೊರಗೆ ಬಾರದೆ ಕೂತಿದ್ದರೆ ನೀವೇ ಅವನ ಮನೆಗೆ ಹೋಗಿ. ತೀರಿಸಲಾಗದ ಸಾಲ ಎಂಬುದು ಬ್ಯಾಂಕಿನವರು ಪ್ರತಿದಿನ ಕುಳಿತು ಒಪ್ಪಂದ ಮಾಡಿಕೊಳ್ಳುವ ಸಾಮಾನ್ಯ ವ್ಯವಹಾರ, ಅದಕ್ಕೆ ಒಂದು ಜೀವದ ಬೆಲೆ ಇಲ್ಲ.

ನಮ್ಮ ಸೀಮೆ ಇಂಥ ಕಷ್ಟಕ್ಕೆ ಮೊದಲೂ ಉತ್ತರ ಹುಡುಕಿದೆ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘವೇ ದೇಶದ ಮೊದಲನೆಯದು. ರೈತರು ಲೇವಾದೇವಿಯವರ ಕೈಯಿಂದ ತಪ್ಪಿಸಿಕೊಳ್ಳಲು ತಾವೇ ಪಾಲು ಹಾಕಿ ಕೂಡಿದರು. 1980ರಲ್ಲಿ ನರಗುಂದ, ನವಲಗುಂದದ ರೈತರು ಮಲಪ್ರಭಾ ನೀರಿನ ಕರಕ್ಕೆ ಎದುರು ನಿಂತು ಗುಂಡಿಗೆ ಎದೆಕೊಟ್ಟರು, ಅದರಿಂದ ರಾಜ್ಯ ರೈತ ಸಂಘ ಬೆಳೆಯಿತು. ಇವತ್ತು ನಿಮ್ಮೂರಿನ ಸೊಸೈಟಿಯಲ್ಲಿ ಷೇರು ಇರುವ ಹುಡುಗರು ಎಷ್ಟು ಮಂದಿ? ಆಡಳಿತ ಮಂಡಳಿಯಲ್ಲಿ ಇರುವವರು ಯಾರು, ದೊಡ್ಡ ಹಿಡುವಳಿಯವರೇ ತಾನೆ? ಸಾಲ ಬೇಕಾದಾಗ ಮಾತ್ರ ಮೆಟ್ಟಿಲು ಹತ್ತುವ ಕಡೆ ನಿಮ್ಮ ಮಾತು ನಡೆಯುವುದಿಲ್ಲ.

ಸಹಕಾರ ಕಾಯ್ದೆಯ ಪ್ರಕಾರ ಪ್ರತಿವರ್ಷ ಸೆಪ್ಟೆಂಬರ್ 25ರೊಳಗೆ ವಾರ್ಷಿಕ ಮಹಾಸಭೆ ಕರೆಯಲೇಬೇಕು. ಈ ಸಲ ಚಹಾ ಕುಡಿದು ಸಹಿ ಹಾಕಿ ಎದ್ದು ಬರಬೇಡಿ, ಅಡಾವೆ ಪತ್ರಿಕೆಯನ್ನು ಮೊದಲೇ ಕೇಳಿ ಪಡೆದು ಓದಿಕೊಂಡು ಹೋಗಿ. ಮಾರ್ಚಿನಲ್ಲಿ ವಸೂಲಾದ ಸಾಲದಲ್ಲಿ ಎಷ್ಟು ರೈತರು ಸ್ವಂತ ದುಡ್ಡಿನಿಂದ ಕಟ್ಟಿದರು ಎಂದು ಎದ್ದು ನಿಂತು ಕೇಳಿ. ಗೊಬ್ಬರವನ್ನು ಮೇ ತಿಂಗಳಲ್ಲೇ ತಂದಿಡಲು ಏಕೆ ಆಗುವುದಿಲ್ಲ ಎಂದು ಕೇಳಿ. ತೇವ ಅಳೆಯುವ ಒಂದು ಯಂತ್ರ ಕೊಳ್ಳಲು ಠರಾವು ಮಾಡಿಸಿ, ವ್ಯಾಪಾರಿ ಕಾಳನ್ನು ಕಚ್ಚಿ ನೋಡುವ ಮುಂಚೆ ನಿಮ್ಮ ಕೈಯಲ್ಲಿ ಅಂಕಿ ಇರಲಿ. 2020ರಿಂದ ಇರುವ ಕೃಷಿ ಮೂಲಸೌಕರ್ಯ ನಿಧಿಯಲ್ಲಿ ಎರಡು ಕೋಟಿಯವರೆಗಿನ ಸಾಲಕ್ಕೆ ಶೇಕಡಾ 3 ಬಡ್ಡಿ ರಿಯಾಯಿತಿ ಇದೆ, ಸೊಸೈಟಿಗಳೂ ಅದಕ್ಕೆ ಅರ್ಹ. ನಮ್ಮೂರಿಗೆ ಒಂದು ಗೋದಾಮು ಕಟ್ಟಲು ಅರ್ಜಿ ಹಾಕಿದ್ದೀರಾ, ಹಾಕಿಲ್ಲದಿದ್ದರೆ ಯಾವಾಗ ಹಾಕುತ್ತೀರಿ ಎಂದು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಒಬ್ಬರೇ ಕೇಳಿದರೆ ಕೂಡಿಸಿಬಿಡುತ್ತಾರೆ. ಹತ್ತು ಜನ ಮೊದಲೇ ಮಾತಾಡಿಕೊಂಡು ಹೋಗಿ, ನಿಮ್ಮ ಮನೆಯ ಹೆಣ್ಣುಮಕ್ಕಳನ್ನೂ ಷೇರುದಾರರನ್ನಾಗಿ ಮಾಡಿ ಜೊತೆಗೆ ಕರೆದುಕೊಂಡು ಹೋಗಿ.